ಸರಾಸರಿಯನ್ನು ಹೋಲಿಸುವುದು ಹೇಗೆ? ಸಾರ್ವಕಾಲಿಕ ಕರ್ನಾಟಕ ತಂಡದ ಮೂಲಕ ಒಂದು ಪಾಠ

ಒಂಬತ್ತನೇ ತರಗತಿಗೆ ಸರಾಸರಿಯ ಸೂತ್ರ ಬರೆಸಲು ಐದು ನಿಮಿಷ ಸಾಕು. ಪ್ರಾಪ್ತಾಂಕಗಳ ಮೊತ್ತವನ್ನು ಅವುಗಳ ಸಂಖ್ಯೆಯಿಂದ ಭಾಗಿಸಿ ಎಂದರೆ ಮಕ್ಕಳು ಭಾಗಿಸುತ್ತಾರೆ, ಉತ್ತರವೂ ಸರಿಯಾಗಿಯೇ ಬರುತ್ತದೆ. ಆದರೆ ಎರಡು ಸರಾಸರಿಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ತೀರ್ಮಾನಿಸಬಹುದೇ ಎಂಬುದನ್ನು ಸೂತ್ರ ಹೇಳುವುದಿಲ್ಲ. ಬಳೇಪೇಟೆಯ ಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ನಲವತ್ತು ನಿಮಿಷದ ಎರಡು ಪೀರಿಯಡ್‌ಗಳನ್ನು ನಾನು ಈ ಪ್ರಶ್ನೆಗೇ ಇಟ್ಟುಕೊಂಡೆ. ಅಂಗಡಿ ಸಾಲಿನ ಓಣಿಗಳಲ್ಲಿ ಭಾನುವಾರ ಮಾತ್ರ ಆಡಲು ಜಾಗ ಸಿಗುವ ಮಕ್ಕಳು ಅವರು. ಆದ್ದರಿಂದ ಉದಾಹರಣೆಗೆ ಬೇರೆಲ್ಲೂ ಹುಡುಕಬೇಕಾಗಲಿಲ್ಲ. ಎಲ್ಲ ಕಾಲದ ಕರ್ನಾಟಕದ ಆಟಗಾರರಿಂದ ಹನ್ನೊಂದು ಜನರ ಟೆಸ್ಟ್ ತಂಡವನ್ನು ಆರಿಸಬೇಕು, ಪ್ರತಿ ಆಯ್ಕೆಗೂ ಲೆಕ್ಕದ ಕಾರಣ ಕೊಡಬೇಕು. 1973ಕ್ಕೆ ಮೊದಲು ಮೈಸೂರು ಎಂಬ ಹೆಸರಿನಲ್ಲಿ ಆಡಿದವರೂ ಇದರಲ್ಲಿ ಸೇರುತ್ತಾರೆ.

ನಿಯಮ ಒಂದೇ: ನಿವೃತ್ತರಾದವರು ಮಾತ್ರ. ಇನ್ನೂ ಆಡುತ್ತಿರುವವರ ಅಂಕಿಗಳು ಬದಲಾಗುತ್ತಲೇ ಇರುತ್ತವೆ. ಕೆ.ಎಲ್. ರಾಹುಲ್ ಹೆಸರು ಬಿಟ್ಟುಹೋದದ್ದಕ್ಕೆ ಸ್ವಲ್ಪ ಗಲಾಟೆಯಾಯಿತು, ಆದರೆ ಕಾರಣ ಕೇಳಿದ ಮೇಲೆ ಒಪ್ಪಿಕೊಂಡರು.

ಮೊದಲ ಚಾರ್ಟಿನಲ್ಲಿ ಇಬ್ಬರೇ ಇದ್ದರು. ಜಿ.ಆರ್. ವಿಶ್ವನಾಥ್: 91 ಟೆಸ್ಟ್, 155 ಇನಿಂಗ್ಸ್, 10 ಬಾರಿ ಔಟಾಗದೆ, 6080 ರನ್. ರಾಹುಲ್ ದ್ರಾವಿಡ್: 164 ಟೆಸ್ಟ್, 286 ಇನಿಂಗ್ಸ್, 32 ಬಾರಿ ಔಟಾಗದೆ, 13288 ರನ್. ಸರಾಸರಿಯನ್ನು ನಾನು ಬರೆದಿರಲಿಲ್ಲ. ಮಕ್ಕಳು ಪಾಠದಲ್ಲಿ ಕಲಿತಂತೆ ಇನಿಂಗ್ಸ್‌ಗಳ ಸಂಖ್ಯೆಯಿಂದ ಭಾಗಿಸಿದರು, 39.23 ಮತ್ತು 46.46 ಬಂತು. ಆಗ ಒಬ್ಬ ಹುಡುಗ ಎದ್ದು ಟಿವಿಯಲ್ಲಿ ದ್ರಾವಿಡ್ ಸರಾಸರಿ 52 ಎಂದು ತೋರಿಸುತ್ತಾರೆ ಎಂದ. ಇನಿಂಗ್ಸ್‌ಗಳಿಂದ ಔಟಾಗದವನ್ನು ಕಳೆದು ಭಾಗಿಸಲು ಹೇಳಿದೆ. 6080 ÷ 145 = 41.93, 13288 ÷ 254 = 52.31. "ಮಿಸ್, ಹಾಗಾದ್ರೆ ಆ ಮೂವತ್ತೆರಡು ಇನಿಂಗ್ಸ್ ಎಲ್ಲಿಗೆ ಹೋಯ್ತು? ಅದರ ರನ್ ಮಾತ್ರ ಇಟ್ಕೊಂಡಿದ್ದಾರಲ್ಲ!" ಎಂದು ಮೊದಲ ಬೆಂಚಿನ ಹುಡುಗಿ ಕೇಳಿದಳು.

ಇಡೀ ಪಾಠದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದ ಪ್ರಶ್ನೆ ಇದು. ಕ್ರಿಕೆಟ್ಟಿನ ಸರಾಸರಿ ನಮ್ಮ ಪಠ್ಯಪುಸ್ತಕದ ಸರಾಸರಿಯಲ್ಲ. ಅದು ಒಂದು ಇನಿಂಗ್ಸ್‌ಗೆ ಎಷ್ಟು ರನ್ ಎಂಬುದಲ್ಲ, ಒಂದು ಸಲ ಔಟಾಗುವ ಮುನ್ನ ಎಷ್ಟು ರನ್ ಎಂಬುದು. ಛೇದದಲ್ಲಿ ಏನಿದೆ ಎಂದು ನೋಡದೆ ಭಾಗಲಬ್ಧವನ್ನು ನಂಬಬಾರದು ಎನ್ನಲು ಬ್ರಾಡ್ಮನ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. 80 ಇನಿಂಗ್ಸ್, 10 ಬಾರಿ ಔಟಾಗದೆ, 6996 ರನ್. 70ರಿಂದ ಭಾಗಿಸಿದರೆ ಲೋಕಪ್ರಸಿದ್ಧವಾದ 99.94, 80ರಿಂದ ಭಾಗಿಸಿದರೆ 87.45. ನೂರಕ್ಕೆ ಎಷ್ಟು ರನ್ ಕಡಿಮೆಯಾಯಿತು ಎಂದು ಕೇಳಿದಾಗ 70 × 100 ಎಂದು ಬಾಯಲ್ಲೇ ಗುಣಿಸಿ ನಾಲ್ಕು ಎಂದು ಇಡೀ ತರಗತಿ ಕೂಗಿತು.

ಈಗ ಮುಖ್ಯ ಪ್ರಶ್ನೆ. 52.31 ಎಂಬುದು 41.93ಕ್ಕಿಂತ 10.38 ಹೆಚ್ಚು, ಆದ್ದರಿಂದ ದ್ರಾವಿಡ್ ಅಷ್ಟು ಮೇಲು ಎನ್ನಬಹುದೇ? ಎರಡು ಕಾಲಗಳಲ್ಲಿ ಬದಲಾದದ್ದನ್ನು ಪಟ್ಟಿ ಮಾಡಿಸಿದೆ. ಟೆಸ್ಟ್ ಆಟಗಾರರು ಹೆಲ್ಮೆಟ್ ಹಾಕತೊಡಗಿದ್ದು 1970ರ ದಶಕದ ಕೊನೆಯಲ್ಲಿ. ವಿಶ್ವನಾಥ್ ಆಡಲು ಆರಂಭಿಸಿದ್ದು 1969ರಲ್ಲಿ. ಓವರಿಗೆ ಇಷ್ಟೇ ಬೌನ್ಸರ್ ಎಂಬ ಮಿತಿ ಬಂದದ್ದು 1990ರ ದಶಕದಲ್ಲಿ. ಹಾಗಾದರೆ ಎರಡು ಕಾಲಕ್ಕೂ ಹೊಂದುವ ಅಳತೆ ಯಾವುದು? ಗುಂಪುಗಳಲ್ಲಿ ಚರ್ಚಿಸಿ ಹೇಳಿ ಎಂದೆ. ಒಂದು ಗುಂಪು ತಂಡದ ಒಟ್ಟು ರನ್ನಿನಲ್ಲಿ ಆಟಗಾರನ ಪಾಲು ಎಂದಿತು. ಪಿಚ್ಚು ಕೆಟ್ಟದ್ದಾದರೆ ಹನ್ನೊಂದು ಜನರಿಗೂ ಕೆಟ್ಟದ್ದೇ ಅಲ್ಲವೇ ಎಂಬುದು ಅವರ ವಾದ. ಹದಿನಾಲ್ಕು ವರ್ಷದ ಮಕ್ಕಳಿಗೆ ಇಷ್ಟು ಹೊಳೆದರೆ ಸಾಕಲ್ಲ!

1975ರ ಜನವರಿಯಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತ 190ಕ್ಕೆ ಆಲೌಟ್. ಆಂಡಿ ರಾಬರ್ಟ್ಸ್ 7 ವಿಕೆಟ್ ಪಡೆದರು, ವಿಶ್ವನಾಥ್ 97 ರನ್ ಮಾಡಿ ಔಟಾಗದೆ ಉಳಿದರು. ಪಾಲು ಶೇಕಡಾ 51.05. 2003ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಭಾರತದ 523ರಲ್ಲಿ ದ್ರಾವಿಡ್ 233. ಪಾಲು ಶೇಕಡಾ 44.55. ಶತಕವೂ ಆಗದ ಇನಿಂಗ್ಸ್ ದ್ವಿಶತಕವನ್ನು ಹಿಂದೆ ಹಾಕಿತು ಎಂದು ವಿಶ್ವನಾಥ್ ಪಕ್ಷದವರು ಚಪ್ಪಾಳೆ ತಟ್ಟಿದರು. ಎರಡೂ ಪಂದ್ಯಗಳನ್ನು ಭಾರತವೇ ಗೆದ್ದಿತ್ತು. ಆಗ ದ್ರಾವಿಡ್ ಪಕ್ಷದವನೊಬ್ಬ, "ಅದು ನೀವು ಆರಿಸಿದ ಇನಿಂಗ್ಸ್. ಮಿಕ್ಕ 154 ಇನಿಂಗ್ಸ್ ಕೊಡಿ, ಲೆಕ್ಕ ಹಾಕೋಣ" ಎಂದ. ಮಾದರಿಯ ಆಯ್ಕೆ ಎಂಬ ಪರಿಕಲ್ಪನೆ ಮುಂದಿನ ತರಗತಿಗಳ ವಿಷಯ, ಆದರೂ ಅವನು ಅದನ್ನೇ ಕೇಳುತ್ತಿದ್ದ. ಅದೇ ಅಡಿಲೇಡ್ ಪಂದ್ಯದ ಎರಡನೇ ಇನಿಂಗ್ಸ್‌ನಲ್ಲಿ ತಂಡದ 233ರಲ್ಲಿ ದ್ರಾವಿಡ್ ಔಟಾಗದೆ 72, ಅಂದರೆ ಶೇಕಡಾ 30.9 ಎಂದು ತೋರಿಸಿದೆ. ಮೊದಲ ಇನಿಂಗ್ಸ್‌ನಲ್ಲಿ ಒಬ್ಬನೇ ಮಾಡಿದಷ್ಟನ್ನು ಎರಡನೆಯದರಲ್ಲಿ ಇಡೀ ತಂಡ ಮಾಡಿದೆ ಎಂದು ಮಕ್ಕಳೇ ಕಂಡುಹಿಡಿದರು. ಇಬ್ಬರೂ ತಂಡಕ್ಕೆ ಬಂದರು. ಯಾರು ಮೇಲು ಎಂಬುದನ್ನು ತೀರ್ಮಾನಿಸಲು ಬಿಡಲಿಲ್ಲ, ಅದಕ್ಕೆ ಬೇಕಾದ ದತ್ತಾಂಶ ತರಗತಿಯಲ್ಲಿ ಇರಲಿಲ್ಲ.

ಎರಡನೇ ಪೀರಿಯಡ್ ಬೌಲರ್‌ಗಳದ್ದು. ಬಿ.ಎಸ್. ಚಂದ್ರಶೇಖರ್ 1964ರಿಂದ 1979ರವರೆಗೆ 58 ಟೆಸ್ಟ್‌ಗಳಲ್ಲಿ 15963 ಚೆಂಡು ಎಸೆದು, 7199 ರನ್ ಕೊಟ್ಟು 242 ವಿಕೆಟ್ ಪಡೆದರು. ಅನಿಲ್ ಕುಂಬ್ಳೆ 1990ರಿಂದ 2008ರವರೆಗೆ 132 ಟೆಸ್ಟ್‌ಗಳಲ್ಲಿ 40850 ಚೆಂಡು, 18355 ರನ್, 619 ವಿಕೆಟ್. ಒಂದು ವಿಕೆಟ್‌ಗೆ ಕೊಟ್ಟ ರನ್ 29.75 ಮತ್ತು 29.65. ಒಂದು ವಿಕೆಟ್‌ಗೆ ಬೇಕಾದ ಚೆಂಡು 65.96 ಮತ್ತು 65.99. ಒಬ್ಬರು ಮುಗಿಸಿದ ಹನ್ನೊಂದು ವರ್ಷಗಳ ನಂತರ ಇನ್ನೊಬ್ಬರು ಆರಂಭಿಸಿದರು. ಇಬ್ಬರೂ ಲೆಗ್‌ಸ್ಪಿನ್ನರ್‌ಗಳು, ಶೈಲಿಯೇ ಬೇರೆ. ಆದರೂ ಭಾಗಾಕಾರ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. (ದಾಖಲೆಗಳಲ್ಲಿ ಚಂದ್ರಶೇಖರ್ ಸರಾಸರಿ 29.74 ಎಂದೇ ಇರುತ್ತದೆ. 29.748 ಅನ್ನು ಅಂದಾಜಿಸದೆ ಮೂರನೇ ಅಂಕಿಯನ್ನು ಕತ್ತರಿಸಿದ್ದಾರೆ. ದಶಮಾಂಶದ ಅಂದಾಜು ಕಲಿಸುವವರು ಇದನ್ನು ಬಳಸಿಕೊಳ್ಳಬಹುದು.)

ಆದರೆ ಟೆಸ್ಟ್ ಒಂದಕ್ಕೆ ವಿಕೆಟ್ ಲೆಕ್ಕ ಹಾಕಿದರೆ ಕುಂಬ್ಳೆ 4.69, ಚಂದ್ರಶೇಖರ್ 4.17. ಒಂದು ವಿಕೆಟ್‌ಗೆ ಬೇಕಾದ ಚೆಂಡು ಸಮವಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಸ್ವಲ್ಪ ಹೊತ್ತು ಮೌನವಿತ್ತು. ನಂತರ ಒಬ್ಬಳು ಚೆಂಡುಗಳನ್ನು ಟೆಸ್ಟ್‌ಗಳಿಂದ ಭಾಗಿಸಿದಳು: 275 ಮತ್ತು 309. ಚಂದ್ರಶೇಖರ್ ಕೈಗೆ ಚೆಂಡು ಸಿಕ್ಕಿದ್ದೇ ಕಡಿಮೆ. ಬೇಡಿ, ಪ್ರಸನ್ನ, ವೆಂಕಟರಾಘವನ್ ಇದ್ದ ಕಾಲ ಅದು, ಪಂದ್ಯದಲ್ಲಿರುವ ಇಪ್ಪತ್ತು ವಿಕೆಟ್‌ಗಳಿಗೆ ಪಾಲುದಾರರು ಹೆಚ್ಚು. ಪ್ರಸನ್ನ ಅವರ 189 ವಿಕೆಟ್ ನೋಡುವಾಗಲೂ 1962ರಿಂದ 1967ರವರೆಗೆ ಅವರು ಎಂಜಿನಿಯರಿಂಗ್ ಓದಿಗಾಗಿ ಟೆಸ್ಟ್ ಆಟದಿಂದ ದೂರವಿದ್ದರು ಎಂಬುದನ್ನು ನೆನಪಿಡಬೇಕು. ಮೂವರು ಸ್ಪಿನ್ನರ್‌ಗಳೂ ಬಂದರು, ವೇಗಕ್ಕೆ ಶ್ರೀನಾಥ್, ಕೀಪಿಂಗ್‌ಗೆ ಕಿರ್ಮಾನಿ.

ಕಷ್ಟವಾದದ್ದು ಆರಂಭಿಕ ಜೋಡಿ. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದೆರನ್ ಕೀಪರ್ ಆಗಿದ್ದರೂ 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದವರು. ಜೊತೆಗೆ ರೋಜರ್ ಬಿನ್ನಿ. 1977-78ರ ರಣಜಿಯಲ್ಲಿ ಕೇರಳದ ವಿರುದ್ಧ ಚಿಕ್ಕಮಗಳೂರಿನಲ್ಲಿ ಅವರೂ ಸಂಜಯ್ ದೇಸಾಯಿಯೂ ಔಟಾಗದೆ 451 ರನ್ ಸೇರಿಸಿದ್ದರು. ಬಿನ್ನಿ ಬೌಲಿಂಗೂ ಮಾಡುವುದರಿಂದ ಎರಡನೇ ವೇಗಿಯ ಚಿಂತೆ ತಪ್ಪಿತು. ಮಧ್ಯಮ ಕ್ರಮಾಂಕಕ್ಕೆ ಬ್ರಿಜೇಶ್ ಪಟೇಲ್. ಅಲ್ಲಿಗೆ ಹತ್ತು.

ಹನ್ನೊಂದನೆಯ ಸ್ಥಾನಕ್ಕೆ ಹುಡುಗಿಯರ ಗುಂಪೊಂದು ಬೆಂಗಳೂರಿನ ಶಾಂತಾ ರಂಗಸ್ವಾಮಿ ಹೆಸರು ಬರೆದು ತಂದಿತ್ತು. ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ, 1976ರಲ್ಲಿ. ಮೊದಲ ಶತಕವೂ ಅವರದೇ, 1977ರಲ್ಲಿ ಡ್ಯುನೆಡಿನ್‌ನಲ್ಲಿ 108. ಒಟ್ಟು 16 ಟೆಸ್ಟ್, 750 ರನ್, ಸರಾಸರಿ 32.60. ಹದಿನಾರೇ ಟೆಸ್ಟ್ ಎಂದು ಹುಡುಗರು ನಕ್ಕರು. ಗುಂಪಿನ ನಾಯಕಿ ಹಲಗೆಯ ಮೇಲೆ ಎರಡು ಸಾಲು ಬರೆದಳು: 1976ರಿಂದ 1991, 16 ಟೆಸ್ಟ್. 1996ರಿಂದ 2012, 164 ಟೆಸ್ಟ್. "ವರ್ಷ ಹೆಚ್ಚುಕಡಿಮೆ ಅಷ್ಟೇ, ಮಿಸ್. ಮ್ಯಾಚ್ ಇಟ್ಟಿದ್ರೆ ತಾನೆ ಆಡೋದು?" ಎಂದಳು. ಅವರು ಆಡಿದ್ದು ಬೇರೆ ಎದುರಾಳಿಗಳ ವಿರುದ್ಧ ಎಂಬ ಆಕ್ಷೇಪವೂ ಬಂತು. 1975ಕ್ಕೂ 2003ಕ್ಕೂ ಎದುರಾಳಿಗಳು ಬೇರೆಯೇ ಅಲ್ಲವೇ ಎಂಬ ಉತ್ತರವೂ ಬಂತು. ಮತಕ್ಕೆ ಹಾಕಲಿಲ್ಲ. ಆ ಸ್ಥಾನವನ್ನು ಪ್ರತಿ ಗುಂಪೂ ಕಾರಣ ಬರೆದು ತುಂಬಲಿ ಎಂದು ಬಿಟ್ಟೆ.

ವೀಕ್ಷಣೆಗೆ ಬಂದಿದ್ದ ಅಧ್ಯಾಪಕರು ಒಂದೇ ಉದಾಹರಣೆಗೆ ಎರಡು ಪೀರಿಯಡ್ ಹೆಚ್ಚಾಯಿತಲ್ಲವೇ ಎಂದು ಕೇಳಿದರು. ಘಟಕ ಮುಗಿಸುವ ಲೆಕ್ಕದಲ್ಲಿ ಅವರ ಮಾತು ನಿಜ. ಆದರೆ ಈ ಮಕ್ಕಳ ಮನೆಯಲ್ಲಿ ಅಣ್ಣನ ಅಂಕವನ್ನು ತಮ್ಮನ ಅಂಕದ ಪಕ್ಕ ಇಟ್ಟು ನೋಡುವುದು ದಿನನಿತ್ಯದ ಮಾತು, ಪ್ರಶ್ನೆಪತ್ರಿಕೆ ಒಂದೇ ಆಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಹಾಗಾಗಿ ಎರಡು ಪೀರಿಯಡ್ ಹೆಚ್ಚೆಂದು ನನಗೆ ಅನ್ನಿಸಲಿಲ್ಲ. ಮನೆಗೆಲಸವಾಗಿ ಹಿರಿಯರ ಮೊದಲ ತಿಂಗಳ ಸಂಬಳವನ್ನೂ ಆಗಿನ ಮಸಾಲೆದೋಸೆಯ ಬೆಲೆಯನ್ನೂ ಕೇಳಿ ತರಲು ಹೇಳಿದ್ದೇನೆ. ಸಂಬಳವನ್ನು ರೂಪಾಯಿಯಲ್ಲಿ ಅಲ್ಲ, ದೋಸೆಗಳಲ್ಲಿ ಬರೆಯಬೇಕು. ಇಂದಿನ ಸಂಬಳದೊಡನೆ ಹೋಲಿಸುವುದು ಅದಾದ ಮೇಲೆ.