ಸೊಪ್ಪಿನ ವಿಟಮಿನ್ ಮತ್ತು ರಕ್ತದ ಕ್ಯಾನ್ಸರ್

ಮಕ್ಕಳೇ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಇನ್ನೊಂದು ಪದಾರ್ಥವೂ ಇರುತ್ತೆ, ಗೊತ್ತಾ? ಅದೇ ಫೋಲಿಕ್ ಆಮ್ಲ. ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್ ಎಂಬ ವಿಟಮಿನ್ನಿನ ಮಾತ್ರೆ ರೂಪ ಇದು. ದಿನಕ್ಕೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಸಾಕು. ಅದಕ್ಕೇ ಇದನ್ನು ಸೂಕ್ಷ್ಮ ಪೋಷಕಾಂಶ ಅನ್ನುತ್ತೇವೆ.

ಈ ಕಥೆಗೂ ನಮ್ಮ ಕಡೆಗೂ ನಂಟಿದೆ. 1928ರಲ್ಲಿ ಭಾರತಕ್ಕೆ ಬಂದ ಇಂಗ್ಲೆಂಡಿನ ಲೂಸಿ ವಿಲ್ಸ್, ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಮೇಟ್ಟುಪಾಳೆಯದಿಂದ ಬೆಟ್ಟ ಹತ್ತಿದರೆ ಸಿಗುವ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಕೆಲಸ ಮಾಡಿದರು. ಯೀಸ್ಟ್ ಸಾರ ಕೊಟ್ಟರೆ ಈ ರೋಗ ವಾಸಿಯಾಗುತ್ತದೆ ಎಂದು 1931ರಲ್ಲಿ ಪ್ರಕಟಿಸಿದರು. ಗುಣ ಮಾಡಿದ್ದು ಅದರೊಳಗಿನ ಫೋಲೇಟ್ ಎಂದು ಆಮೇಲೆ ತಿಳಿಯಿತು.

ಫೋಲೇಟ್ ಕೆಲಸವೇನು? ಜೀವಕೋಶ ಎರಡಾಗುವ ಮೊದಲು ಡಿಎನ್‌ಎ ನಕಲಾಗಬೇಕು. ಡಿಎನ್‌ಎಗೆ ಬೇಕಾದ ಥೈಮಿನ್ ತಯಾರಾಗಲು ಫೋಲೇಟ್ ಬೇಕು. ಮೂಳೆಮಜ್ಜೆಯಲ್ಲಿ ರಕ್ತಕೋಶಗಳು ಸದಾ ಹುಟ್ಟುತ್ತಿರುವುದರಿಂದ, ಫೋಲೇಟ್ ಕಡಿಮೆಯಾದರೆ ಮೊದಲು ರಕ್ತಹೀನತೆ ಬರುತ್ತದೆ. ಕ್ಯಾನ್ಸರ್ ಕೋಶಗಳೂ ತಡೆಯಿಲ್ಲದೆ ವಿಭಜನೆಯಾಗುತ್ತವೆ. ಹಾಗಾದರೆ ಅವುಗಳಿಗೂ ಫೋಲೇಟ್ ಬೇಕು, ಅಲ್ವಾ?

ವಿಜ್ಞಾನಿಗಳು ಹಿಡಿದದ್ದು ಇದೇ ಎಳೆಯನ್ನು. ಭೀಮಾವರಂನಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಶಾಸ್ತ್ರ ಓದಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನೇ ಹೋಲುವ ಅಮಿನೊಪ್ಟೆರಿನ್ ತಯಾರಿಸಿತು. ವ್ಯತ್ಯಾಸ ಇಷ್ಟೇ: ಒಂದು ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ಅಮೈನೋ ಗುಂಪು. ತಿರುಪ್ಪೂರಿನ ಬನಿಯನ್ ಕಂಪನಿಯ ಹೊಲಿಗೆ ಯಂತ್ರಕ್ಕೆ ಕಣ್ಣಿಲ್ಲದ ಸೂಜಿ ಹಾಕಿದರೆ ಏನಾಗುತ್ತೆ? ಸೂಜಿ ಸರಿಯಾಗಿ ಕೂರುತ್ತೆ, ಹೊಲಿಗೆ ಬೀಳಲ್ಲ. ಹಾಗೆಯೇ ಈ ಔಷಧಿ ಫೋಲೇಟ್ ಕೂರಬೇಕಾದ ಕಿಣ್ವದಲ್ಲಿ ತಾನು ಕೂತು ಕೆಲಸ ನಿಲ್ಲಿಸುತ್ತದೆ.

ಬಾಸ್ಟನ್‌ನ ಸಿಡ್ನಿ ಫಾರ್ಬರ್ ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಇದನ್ನು ಕೊಟ್ಟು, 10 ಮಕ್ಕಳು ಚೇತರಿಸಿಕೊಂಡರೆಂದು 1948ರಲ್ಲಿ ವರದಿ ಮಾಡಿದರು. ಚೇತರಿಕೆ ಕೆಲವೇ ತಿಂಗಳದ್ದು, ರೋಗ ಮತ್ತೆ ಬಂತು. ಆದರೂ ದಾರಿ ತೆರೆಯಿತು. ಇದರ ತಮ್ಮನಂತಿರುವ ಮೆಥೊಟ್ರೆಕ್ಸೇಟ್ ಅನ್ನು ಇಂದಿಗೂ ಬೇರೆ ಔಷಧಿಗಳ ಜೊತೆ ಕೊಡುತ್ತಾರೆ.

ಒಂದು ಎಚ್ಚರಿಕೆ: "ಸೊಪ್ಪು ಬಿಟ್ಟರೆ ಕ್ಯಾನ್ಸರ್ ಬರಲ್ಲ" ಎಂದು ತಿಳಿಯಬೇಡಿ. ಬಿಟ್ಟರೆ ಬರುವುದು ರಕ್ತಹೀನತೆ. ಮನೆಯಲ್ಲಿ ಯಾರಾದರೂ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದರೆ, ವೈದ್ಯರನ್ನು ಕೇಳದೆ ವಿಟಮಿನ್ ಮಾತ್ರೆ ಕೊಡಬಾರದು.

ಯೋಚಿಸಿ ಉತ್ತರಿಸಿ: ಈ ಔಷಧಿ ತೆಗೆದುಕೊಳ್ಳುವವರಿಗೆ ಬಾಯಿಹುಣ್ಣು ಆಗುವುದೇಕೆ? (ಸುಳಿವು: ಬಾಯಿಯ ಒಳಪದರದ ಕೋಶಗಳು ಎಷ್ಟು ಬೇಗ ವಿಭಜನೆಯಾಗುತ್ತವೆ?)