ಸೇತುವೆಯ ಮೇಲೆ ನಾಲ್ಕು ಕಂಬಿಗಳೇಕೆ?

ದೊಡ್ಡ ರೈಲು ಸೇತುವೆಯ ಚಿತ್ರವೊಂದನ್ನು ಗಮನವಿಟ್ಟು ನೋಡಿದರೆ ಅದರ ಮೇಲೆ ಎರಡಕ್ಕೆ ಬದಲು ನಾಲ್ಕು ಕಂಬಿಗಳು ಕಾಣುತ್ತವೆ. ಗಾಡಿ ಓಡುವುದು ಹೊರಗಿನ ಎರಡರ ಮೇಲೆ. ಒಳಗಿನ ಎರಡನ್ನು ಗಾಲಿಗಳು ಮುಟ್ಟುವುದೇ ಇಲ್ಲ; ಅವುಗಳ ತಲೆಗೆ ಹಿಡಿದ ತುಕ್ಕೇ ಇದಕ್ಕೆ ಸಾಕ್ಷಿ. ಭಾರವನ್ನೂ ಹೊರದ, ಗಾಡಿಯನ್ನೂ ನಡೆಸದ ಈ ಕಬ್ಬಿಣಕ್ಕೆ ಅಲ್ಲೇನು ಕೆಲಸ? ರೈಲ್ವೆಯವರು ಇದನ್ನು ಗಾರ್ಡ್ ರೈಲು ಎನ್ನುತ್ತಾರೆ. ನಾವು ಕಾವಲು ಕಂಬಿ ಎನ್ನೋಣ.

ಗಾಡಿ ಹಳಿ ತಪ್ಪದಂತೆ ಇದು ತಡೆಯುತ್ತದೆಂದು ಹಲವರು ಭಾವಿಸುತ್ತಾರೆ. ಅದು ಸರಿಯಲ್ಲ. ಆ ಕೆಲಸ ಕಡಿದಾದ ತಿರುವುಗಳಲ್ಲಿ ಕಂಬಿಯ ಮಗ್ಗುಲಿಗೇ ಕೆಲವೇ ಸೆಂಟಿಮೀಟರುಗಳ ಅಂತರದಲ್ಲಿ ಹಾಕುವ ಚೆಕ್ ರೈಲಿನದು. ನಮ್ಮ ದೇಶದ ಬ್ರಾಡ್‌ಗೇಜ್ ಸೇತುವೆಗಳಲ್ಲಿ ಕಾವಲು ಕಂಬಿಯು ಓಡುವ ಕಂಬಿಯಿಂದ ಸುಮಾರು 25 ಸೆಂಟಿಮೀಟರು ಒಳಗಿರುತ್ತದೆ; ಗಾಲಿ ಕೆಳಗೆ ಬಿದ್ದ ಮೇಲೆಯೇ ಅದರ ಕೆಲಸ ಆರಂಭ. ಗಾಡಿ ಬಲಕ್ಕೆ ಹಳಿ ತಪ್ಪಿತೆನ್ನೋಣ. ಬಲಗಾಲಿ ಬಲಕಂಬಿಯ ಹೊರಗೆ ಬೀಳುತ್ತದೆ; ಅದೇ ಅಚ್ಚಿನ ಎಡಗಾಲಿ, ಎಡಕಂಬಿಗೂ ಅದರ ಕಾವಲು ಕಂಬಿಗೂ ನಡುವಣ ಸಂದಿಗೆ ಬೀಳುತ್ತದೆ. ಇನ್ನೂ ಬಲಕ್ಕೆ ಸರಿಯಹೊರಟರೆ ಕಾವಲು ಕಂಬಿ ಅಡ್ಡ ನಿಲ್ಲುತ್ತದೆ. ಗಾಡಿ ಸ್ಲೀಪರುಗಳ ಮೇಲೆ ಕುಪ್ಪಳಿಸುತ್ತ ಸೇತುವೆಯ ಉದ್ದಕ್ಕೇ ಸಾಗಿ ನಿಲ್ಲುತ್ತದೆ. ನದಿಗೆ ಉರುಳುವ, ಇಲ್ಲವೇ ಪಕ್ಕದ ತೊಲೆಗಳಿಗೆ ಬಡಿದು ಸೇತುವೆಯನ್ನೇ ಕೆಡಹುವ ಸಂಭವ ಬಹಳ ಕಡಿಮೆಯಾಗುತ್ತದೆ.

ಇಷ್ಟು ಸಣ್ಣ ಕಂಬಿ ಅಷ್ಟು ದೊಡ್ಡ ಗಾಡಿಯನ್ನು ಹೇಗೆ ತಡೆದೀತು? ಲೆಕ್ಕ ಹಾಕಿ ನೋಡೋಣ. 40 ಟನ್ನಿನ ಬೋಗಿಯೊಂದು ಗಂಟೆಗೆ 72 ಕಿಲೋಮೀಟರು, ಅಂದರೆ ಸೆಕೆಂಡಿಗೆ 20 ಮೀಟರು ವೇಗದಲ್ಲಿದೆ. ಅದರ ಚಲನಶಕ್ತಿ 80 ಲಕ್ಷ ಜೂಲ್. ಆದರೆ ಅದು ಹಳಿಯಿಂದ 2 ಡಿಗ್ರಿಯಷ್ಟು ಓರೆಯಾಗಿ ಹೊರಟಿದ್ದರೆ ಅಡ್ಡವೇಗ ಸೆಕೆಂಡಿಗೆ 0.7 ಮೀಟರು ಮಾತ್ರ. ಆ ಅಡ್ಡಚಲನೆಗೆ ಸೇರಿದ ಶಕ್ತಿ ಸುಮಾರು 10 ಸಾವಿರ ಜೂಲ್, ಒಟ್ಟಿನ ಎಂಟುನೂರರಲ್ಲಿ ಒಂದು ಪಾಲು! ಕಾವಲು ಕಂಬಿ ಎದುರಿಸಬೇಕಾದುದು ಇದನ್ನಷ್ಟೆ. ಉಳಿದ ಶಕ್ತಿಯನ್ನು ಬ್ರೇಕೂ ಸ್ಲೀಪರುಗಳ ಘರ್ಷಣೆಯೂ ನಿಧಾನವಾಗಿ ಹೀರುತ್ತವೆ.

ಓರೆ 4 ಡಿಗ್ರಿಯಾದರೆ ಅಡ್ಡಶಕ್ತಿ ಎಷ್ಟಾಗುವುದೆಂದು ವಿದ್ಯಾರ್ಥಿಗಳು ತಾವೇ ಲೆಕ್ಕಿಸಲಿ. ಉತ್ತರ ಎರಡು ಮಡಿಯಲ್ಲ, ಸುಮಾರು ನಾಲ್ಕು ಮಡಿ. ಸೇತುವೆಯ ಆಚೆಗೆ ಕಾವಲು ಕಂಬಿಗಳೆರಡನ್ನೂ ಹಳಿಯ ನಡುಮಧ್ಯದತ್ತ ಸ್ವಲ್ಪಸ್ವಲ್ಪವಾಗಿಯೇ ಬಾಗಿಸುವುದೇಕೆಂಬುದು ಆಗ ತಿಳಿಯುತ್ತದೆ. ಸೇತುವೆಗೆ ಮೊದಲೇ ಹಳಿ ತಪ್ಪಿ ಬರುವ ಗಾಲಿಯನ್ನು ಅವು ಥಟ್ಟನೆ ತಳ್ಳದೆ, ಮೆಲ್ಲಗೆ ದಾರಿಗೆ ತರಬೇಕು.

ಇದೇ ತತ್ತ್ವ ಜಪಾನಿನಲ್ಲಿ ಆಕಸ್ಮಿಕವಾಗಿ ಪರೀಕ್ಷೆಗೆ ಒಳಗಾಯಿತು. 2004ರ ಅಕ್ಟೋಬರ್ 23ರಂದು ನೀಗಾತ ಪ್ರಾಂತದ ಭೂಕಂಪದಲ್ಲಿ, ಗಂಟೆಗೆ ಸುಮಾರು 200 ಕಿಲೋಮೀಟರು ವೇಗದ ಶಿಂಕಾನ್ಸೆನ್ ಗಾಡಿಯೊಂದರ 10 ಬೋಗಿಗಳಲ್ಲಿ 8 ಹಳಿ ತಪ್ಪಿದವು. ಅಲ್ಲಿ ಕಾವಲು ಕಂಬಿ ಇರಲಿಲ್ಲ. ಆದರೆ ಬೋಗಿಯಡಿಯ ಭಾಗಗಳು ಕಂಬಿಗೆ ಸಿಕ್ಕಿಕೊಂಡು ಗಾಡಿಯನ್ನು ದಾರಿಯಲ್ಲೇ ಹಿಡಿದವು. ಅದು ಸುಮಾರು 1.6 ಕಿಲೋಮೀಟರು ಸಾಗಿ ನಿಂತಿತು. ಯಾರೂ ಸಾಯಲಿಲ್ಲ. ಆ ದಿನ ಅದೃಷ್ಟದಿಂದ ಆದುದನ್ನು ಅಲ್ಲಿನ ಎಂಜಿನಿಯರುಗಳು ಅದೃಷ್ಟಕ್ಕೇ ಬಿಡಲಿಲ್ಲ. ಕಂಬಿಯನ್ನು ಹಿಡಿಯಬಲ್ಲ ಕೊಕ್ಕೆಯಂಥ ಲೋಹದ ತುಂಡುಗಳನ್ನು ಗಾಡಿಗಳ ಅಚ್ಚಿನ ಬಳಿ ಜೋಡಿಸಿದರು. ತೋಕಾಯ್ದೋ ಮಾರ್ಗದಲ್ಲಿ ಹಳಿಯ ಒಳಮಗ್ಗುಲಿಗೆ ರಕ್ಷಣೆಯ ಕಂಬಿಗಳನ್ನು ಹಾಕತೊಡಗಿದರು.