ಸಾಕುಮೀನುಗಳಲ್ಲಿ ಬೆಳವಣಿಗೆಯ ವಂಶಗುಣ

(ವ್ಯವಸಾಯ ಇನ್‌ಸ್ಪೆಕ್ಟರೊಬ್ಬರಿಂದ)

ಹೋರಿಯನ್ನು ಕೊಳ್ಳುವಾಗ ಅದರ ತಾಯಿತಂದೆಗಳನ್ನು ವಿಚಾರಿಸದ ರೈತನಿಲ್ಲ. ಬಿತ್ತನೆಯ ರಾಗಿಗೆ ಹೊಲದಲ್ಲಿಯೇ ದಪ್ಪ ತೆನೆಗಳನ್ನು ಆರಿಸಿಡುವುದು ನಮ್ಮ ಹಿರಿಯರ ವಾಡಿಕೆ. ಆದರೆ ಕೆರೆಗೆ ಮೀನುಮರಿಗಳನ್ನು ಬಿಡುವಾಗ ಮಾತ್ರ, ಎಣಿಕೆಯೊಂದು ಸರಿಯಿದ್ದರೆ ಸಾಕೆಂಬ ಭಾವನೆ ಬಹುಮಂದಿಯಲ್ಲಿ ಕಂಡುಬರುತ್ತದೆ. ಇದು ಸರಿಯಲ್ಲ. ನೂಲಿನಂತೆ ಸೀರೆಯೆಂಬ ಗಾದೆ ಮೀನಿಗೂ ಸಲ್ಲುವುದು.

ಕೆಲವು ವರ್ಷಗಳ ಕೆಳಗೆ ಸರ್ಕೀಟಿನಲ್ಲಿದ್ದಾಗ ಜಮೀನುದಾರರೊಬ್ಬರ ಮೀನಿನ ಕೊಳಗಳನ್ನು ನೋಡಿದೆನು. ಮರಿಗಳನ್ನು ಅವರು ತಾವೇ ಉತ್ಪತ್ತಿ ಮಾಡಿಕೊಳ್ಳುತ್ತಿದ್ದರು. ದೊಡ್ಡ ಮೀನುಗಳನ್ನೆಲ್ಲ ಸಂತೆಗೆ ಕಳುಹಿಸಿ, ಉಳಿದ ಸಣ್ಣವನ್ನೇ ಮುಂದಿನ ಮರಿಗಾಗಿ ಇಟ್ಟುಕೊಳ್ಳುವುದು ಅವರ ಪದ್ಧತಿ. ಮೇವು ಮೊದಲಿನಂತೆಯೇ ಇದ್ದರೂ ಮೀನು ತೂಕಕ್ಕೆ ಬರುವುದು ಬರಬರುತ್ತ ತಡವಾಗುತ್ತಿದೆಯೆಂದು ಅವರು ನೀರನ್ನು ದೂರಿದರು. ನೀರಿನಲ್ಲಿ ದೋಷವೇನೂ ಕಾಣಲಿಲ್ಲ. ಉತ್ತಮವಾದ ಬೀಜವನ್ನು ಮಾರಿ ಜೊಳ್ಳನ್ನು ಬಿತ್ತಿದಂತಾಗಿತ್ತು.

ಮರಿಯ ಉತ್ಪತ್ತಿ ಮನುಷ್ಯನ ಕೈಗೆ ಬಂದುದು

ರೋಹು, ಕಾಟ್ಲ, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. ಆದುದರಿಂದ ಹಿಂದೆ ಪ್ರವಾಹಕಾಲದಲ್ಲಿ ನದಿಗಳಿಂದಲೇ ಮರಿಗಳನ್ನು ಹಿಡಿದು ತರುತ್ತಿದ್ದರು. 1957ನೆಯ ಇಸವಿ ಜುಲೈ 10ರಂದು ಒಡಿಶಾದ ಅಂಗುಲಿನಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂತಹ ಮೀನುಗಳಿಂದ ಮರಿಮಾಡಿಸುವುದರಲ್ಲಿ ಯಶಸ್ವಿಯಾದರು. ಅಂದಿನಿಂದ ಮರಿಗಳ ಅಭಾವ ಕ್ರಮೇಣ ನೀಗಿತು. ಆದರೆ ಯಾವ ಮೀನು ತಾಯಿತಂದೆಯಾಗಬೇಕೆಂಬ ನಿರ್ಣಯದ ಹೊಣೆಯೂ ಅಂದಿನಿಂದಲೇ ಮನುಷ್ಯನ ಮೇಲೆ ಬಿದ್ದಿತು.

ವಂಶದ ಪಾಲು, ಪೋಷಣೆಯ ಪಾಲು

ಒಂದು ಮೀನು ದೊಡ್ಡದಾಗಿದ್ದ ಮಾತ್ರಕ್ಕೆ ಅದರ ವಂಶವೂ ಉತ್ತಮವೆಂದು ಹೇಳಲಾಗದು. ಮೊದಲು ಹುಟ್ಟಿದ್ದರಿಂದಲೋ, ಹೆಚ್ಚು ಮೇವು ಸಿಕ್ಕಿದ್ದರಿಂದಲೋ ಅದು ದಪ್ಪವಾಗಿರಬಹುದು. ಈ ಬಗೆಯ ಹೆಚ್ಚಳ ಮರಿಗಳಿಗೆ ಇಳಿಯುವುದಿಲ್ಲ. ಒಂದು ಕೊಳದಲ್ಲಿ ಒಂದೇ ವಯಸ್ಸಿನ ಮೀನುಗಳ ಸರಾಸರಿ ತೂಕ 600 ಗ್ರಾಂ ಇದ್ದು, ನಾವು ಆರಿಸಿದ ಗಂಡುಹೆಣ್ಣುಗಳ ಸರಾಸರಿ 900 ಗ್ರಾಂ ಇದ್ದಿತೆಂದು ಭಾವಿಸೋಣ. ಇವುಗಳ ಅಂತರ 300 ಗ್ರಾಂ. ಅದರಲ್ಲಿ ವಂಶದ ಪಾಲು ಕಾಲುಭಾಗವಾದರೆ, ಅದೇ ಪೋಷಣೆಯಲ್ಲಿ ಮರಿಗಳ ಸರಾಸರಿ 675 ಗ್ರಾಂ ಆಗುವುದು. ಲಾಭ 75 ಗ್ರಾಂ ಮಾತ್ರವೆಂದು ಹಗುರವಾಗಿ ಕಾಣಬಾರದು. ಮೇವಿನ ಫಲ ಆ ವರ್ಷಕ್ಕೇ ಮುಗಿಯುವುದು. ವಂಶದ ಫಲವಾದರೋ ತಲೆಮಾರಿನಿಂದ ತಲೆಮಾರಿಗೆ ಕೂಡುತ್ತ ಹೋಗುವುದು.

ಜಯಂತಿ ರೋಹು

ಇದಕ್ಕೆ ನಮ್ಮ ದೇಶದಲ್ಲಿಯೇ ಒಳ್ಳೆಯ ನಿದರ್ಶನವುಂಟು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು ನಾರ್ವೆ ದೇಶದ ತಜ್ಞರೊಡಗೂಡಿ 1992ರಲ್ಲಿ ರೋಹುವಿನ ತಳಿಸುಧಾರಣೆಗೆ ಕೈಹಾಕಿದರು. ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳ ಮೀನುಗಳನ್ನು ಸ್ಥಳೀಯ ಸಾಕುಮೀನುಗಳೊಡನೆ ಕೂಡಿಸಿದರು. ಪ್ರತಿಯೊಂದು ಕುಟುಂಬದ ಮರಿಗಳನ್ನು ಮೊದಲು ಪ್ರತ್ಯೇಕವಾಗಿ ಬೆಳೆಸಿ, ಗುರುತು ಹಾಕಿ, ಬಳಿಕ ಒಂದೇ ಕೊಳದಲ್ಲಿ ಬಿಟ್ಟು ತೂಗಿ ನೋಡಿದರು. ಹೀಗೆ ಆರಿಸಿದ ತಳಿಯು ಸ್ವಾತಂತ್ರ್ಯದ ಐವತ್ತನೆಯ ವರ್ಷವಾದ 1997ರಲ್ಲಿ ಜಯಂತಿ ಎಂಬ ಹೆಸರಿನಿಂದ ಬಿಡುಗಡೆಯಾಯಿತು. ಪ್ರತಿ ತಲೆಮಾರಿಗೆ ಸರಾಸರಿ ಶೇಕಡ 17ರಷ್ಟು ಹೆಚ್ಚು ಬೆಳವಣಿಗೆ ಕಂಡುಬಂದಿತು.

ಹತ್ತಿರದ ಸಂಬಂಧದ ಕೇಡು

ಆಯ್ಕೆ ಮಾಡುವ ಉತ್ಸಾಹದಲ್ಲಿ ಒಂದೆರಡು ಭಾರಿ ಮೀನುಗಳಿಂದಲೇ ಎಲ್ಲ ಮರಿಗಳನ್ನೂ ಪಡೆಯಬಾರದು. ಏತಕ್ಕೆಂದರೆ, ಒಡಹುಟ್ಟಿದವೇ ಮುಂದೆ ಜೊತೆಗೂಡಿ, ಬೆಳವಣಿಗೆ ಕುಗ್ಗಿ, ಅಂಗವಿಕಲವಾದ ಮತ್ತು ಸಾಯುವ ಮರಿಗಳು ಹೆಚ್ಚುವುವು. ಒಂದು ಗಂಡು, ಹತ್ತು ಹೆಣ್ಣುಗಳಿಂದ ತಳಿಯನ್ನು ಮುಂದುವರಿಸಿದರೆ ಒಂದು ತಲೆಮಾರಿನಲ್ಲಿ ಒಳಸಂಬಂಧವು ಸುಮಾರು ಶೇಕಡ 14ರಷ್ಟು ಏರುವುದು. ಐದು ಗಂಡು, ಐದು ಹೆಣ್ಣುಗಳಾದರೆ 5. ಇಪ್ಪತ್ತೈದು ಗಂಡು, ಇಪ್ಪತ್ತೈದು ಹೆಣ್ಣುಗಳಾದರೆ 1 ಮಾತ್ರ. ಕರ್ನಾಟಕದ ಮೀನುಮರಿ ಕೇಂದ್ರಗಳನ್ನು ಪರಿಶೀಲಿಸಿ ಎಕ್ನಾಥ್ ಮತ್ತು ಡಾಯ್ಲ್ ಎಂಬ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಏರಿಕೆಯನ್ನು ಶೇಕಡ 2ರಿಂದ 17ರವರೆಗೆ ಅಂದಾಜು ಮಾಡಿದ್ದರು. ಇದು ನಮಗೆಲ್ಲ ಎಚ್ಚರಿಕೆಯ ಮಾತು.

ಅನುಸರಿಸತಕ್ಕ ಕ್ರಮಗಳು

1. ಸಂತೆಗೆ ಮೀನು ಹಿಡಿಯುವ ಮೊದಲೇ ತಳಿಮೀನುಗಳನ್ನು ಆರಿಸಿ ಬೇರೆ ಕೊಳದಲ್ಲಿಡತಕ್ಕದ್ದು.

2. ಒಂದೇ ವಯಸ್ಸಿನ, ಒಂದೇ ಕೊಳದ ಮೀನುಗಳನ್ನು ಮಾತ್ರ ತಮ್ಮತಮ್ಮೊಳಗೆ ಹೋಲಿಸತಕ್ಕದ್ದು. ಗಂಡುಗಳನ್ನು ಗಂಡುಗಳೊಡನೆ, ಹೆಣ್ಣುಗಳನ್ನು ಹೆಣ್ಣುಗಳೊಡನೆ ತೂಗಬೇಕು.

3. ತಳಿಗೆ ಇಪ್ಪತ್ತೈದಕ್ಕೆ ಕಡಮೆಯಿಲ್ಲದಂತೆ ಗಂಡುಗಳನ್ನೂ ಅಷ್ಟೇ ಹೆಣ್ಣುಗಳನ್ನೂ ಉಪಯೋಗಿಸುವುದು ಕ್ಷೇಮ. ಇಷ್ಟು ಅನುಕೂಲವಿಲ್ಲದವರು ತಾವೇ ಮರಿಮಾಡಿಸುವುದನ್ನು ಬಿಟ್ಟು ನಂಬಿಕೆಯ ಕೇಂದ್ರದಿಂದ ಕೊಳ್ಳುವುದೇ ಲೇಸು.

4. ಮರಿಗಳನ್ನು ಕೊಳ್ಳುವಾಗ ತಾಯಿತಂದೆಗಳು ಎಲ್ಲಿಂದ ಬಂದವು, ಎಷ್ಟು ಜೊತೆಗಳಿದ್ದುವು, ಹೊಸ ರಕ್ತ ಯಾವಾಗ ಸೇರಿತು ಎಂದು ಕೇಳಿ ತಿಳಿಯಬೇಕು.

ಗ್ರಾಮದ ಮುಖಂಡರು ಊರಕೆರೆಗೆ ಮರಿಗಳನ್ನು ತರಿಸುವಾಗ ಈ ನಾಲ್ಕನೆಯ ಮಾತನ್ನಾದರೂ ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಕೇಳುವುದಕ್ಕೆ ಖರ್ಚೇನೂ ಇಲ್ಲ. ಕೇಳದೆ ತಂದ ಮರಿಯ ನಷ್ಟವು ಫಸಲಿನ ದಿನ ತಕ್ಕಡಿಯಲ್ಲಿ ಕಾಣುವುದು.